ಮೇಲೆ ಬಿದ್ದ ಮಳೆ, ಕೆಳಗಿನ ಊರು

ಹಿಮಾಲಯದ ತಪ್ಪಲಿನ ಮೇಲೆ, ಗಂಗೆಯ ಜಲಾನಯನದಲ್ಲಿ ಜಡಿಮಳೆ ಹೊಡೆದರೆ ಎರಡು ದಿನದಲ್ಲಿ ಹೃಷಿಕೇಶದಲ್ಲಿ ಹೊಳೆ ಏರುತ್ತದೆ. ಇನ್ನು ಮೂರು ನಾಲ್ಕು ದಿನಕ್ಕೆ ಅಲಹಾಬಾದಿನಲ್ಲಿ, ಮತ್ತೆರಡು ದಿನಕ್ಕೆ ಕಾಶಿಯಲ್ಲಿ. ಈ ಉದಾಹರಣೆ ಕೊಟ್ಟವರು ಷೆಲ್ ತೈಲ ಕಂಪನಿಯ ಲಂಡನ್ ಕಚೇರಿಯಲ್ಲಿ ಯೋಜನಾ ತಂಡದ ಮುಖ್ಯಸ್ಥರಾಗಿದ್ದ ಫ್ರಾನ್ಸಿನ ಪಿಯೆರ್ ವ್ಯಾಕ್. 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನದಲ್ಲಿ ಅದು ಬರುತ್ತದೆ. ಕಾಶಿಯ ಘಾಟಿನಲ್ಲಿ ನಿಂತವರ ನೆತ್ತಿಯ ಮೇಲೆ ಆ ಹೊತ್ತಿಗೆ ಸುಡುಬಿಸಿಲೇ ಇರಬಹುದು. ಆದರೂ ನೆರೆ ಹೊರಟಾಗಿದೆ. ಇದರಲ್ಲಿ ಜ್ಯೋತಿಷ್ಯವೂ ಇಲ್ಲ, ಕಾಲಜ್ಞಾನವೂ ಇಲ್ಲ. ಮೇಲೆ ಎಲ್ಲಿ ಮಳೆ ಬಿದ್ದಿದೆ ಎಂದು ನೋಡುವ ಅಭ್ಯಾಸ ಮಾತ್ರ ಇದೆ.

ಸಂಸ್ಥೆಗಳನ್ನು ನಡೆಸುವವರಿಗೆ ಈ ಅಭ್ಯಾಸ ಕಲಿಸುವ ವಿದ್ಯೆ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕದ ವಾಯುಪಡೆಗಾಗಿ ಹುಟ್ಟಿಕೊಂಡ ರ‍್ಯಾಂಡ್ ಸಂಸ್ಥೆಯಲ್ಲಿ ಹರ್ಮನ್ ಕಾನ್ ಅಣುಯುದ್ಧ ಹೇಗೆಲ್ಲ ನಡೆಯಬಹುದು ಎಂಬುದನ್ನು ಕಥೆಗಳ ರೂಪದಲ್ಲಿ ಯೋಚಿಸತೊಡಗಿದರು. ಸಿನಿಮಾದವರ ‘ಸೀನಾರಿಯೊ’ ಎಂಬ ಮಾತು ಯೋಜಕರ ಬಾಯಿಗೆ ಬಂದದ್ದು ಹಾಗೆ. ಅಲ್ಲೇ ಓಲಾಫ್ ಹೆಲ್ಮರ್ ಮತ್ತು ನಾರ್ಮನ್ ಡಾಲ್ಕಿ ‘ಡೆಲ್ಫಿ’ ವಿಧಾನ ರೂಪಿಸಿದರು. ಪರಿಣತರನ್ನು ಎದುರುಬದುರು ಕೂರಿಸದೆ, ಹೆಸರು ಹೇಳದೆ ಒಬ್ಬೊಬ್ಬರಿಂದ ಉತ್ತರ ಬರೆಸಿಕೊಳ್ಳುವುದು. ಎಲ್ಲರ ಉತ್ತರದ ಸಾರವನ್ನು ಮತ್ತೆ ಎಲ್ಲರಿಗೂ ಕಳಿಸಿ ಇನ್ನೊಮ್ಮೆ ಕೇಳುವುದು. ಸಭೆಯಲ್ಲಿ ದೊಡ್ಡವರು ಬಾಯಿ ತೆರೆದರೆ ಚಿಕ್ಕವರು ಮಾತು ನುಂಗಿಕೊಳ್ಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಫ್ರಾನ್ಸಿನಲ್ಲಿ ದಾರಿ ಬೇರೆಯಾಗಿತ್ತು. ಅಲ್ಲಿ ಇದಕ್ಕೆ ಬುನಾದಿ ಹಾಕಿದ ಗ್ಯಾಸ್ಟನ್ ಬೆರ್ಜೆ ತತ್ವಶಾಸ್ತ್ರದವರು. ಗಾಡಿ ವೇಗವಾಗಿ ಓಡಿದಷ್ಟೂ ಅದರ ದೀಪ ದೂರಕ್ಕೆ ಬೀಳಬೇಕು ಎಂಬುದು ಅವರ ವಾದ. ಬರ್ಟ್ರಂಡ್ ದ ಜುವೆನೆಲ್ ಒಂದು ಹೆಜ್ಜೆ ಮುಂದೆ ಹೋಗಿ, ಭವಿಷ್ಯ ಒಂದಲ್ಲ, ಹಲವು ಎಂದರು. ನಮ್ಮ ವಿಶ್ವೇಶ್ವರಯ್ಯನವರು 1934ರಲ್ಲೇ ಭಾರತಕ್ಕೆ ಹತ್ತು ವರ್ಷದ ಆರ್ಥಿಕ ಯೋಜನೆಯನ್ನು ಪುಸ್ತಕವಾಗಿ ಬರೆದಿದ್ದರು. ದೂರದೃಷ್ಟಿಯಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ. ಆದರೆ ಅದು ಒಂದು ಗುರಿ ನೆಟ್ಟು ಅದರತ್ತ ನಡೆಯುವ ಯೋಜನೆ. ನಾವು ನೆನೆಸಿದ ದಾರಿಯೇ ಕೊಚ್ಚಿಹೋದರೆ ಏನು ಗತಿ ಎಂಬ ಪ್ರಶ್ನೆಯಿಂದ ಹೊಸ ವಿದ್ಯೆ ಹೊರಟಿತು.

ಆ ಪ್ರಶ್ನೆಗೆ ಕಂಪನಿಯೊಂದರೊಳಗೆ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಷೆಲ್‌ನಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಎಣ್ಣೆ ಅಗ್ಗವಾಗಿತ್ತು, ಬೇಡಿಕೆ ವರ್ಷವರ್ಷ ಏರುತ್ತಿತ್ತು. ವ್ಯಾಕ್ ಮತ್ತು ಟೆಡ್ ನ್ಯೂಲ್ಯಾಂಡ್ ಅವರ ತಂಡ ಎಣ್ಣೆ ಮಾರುವ ದೇಶಗಳ ಜಾಗದಲ್ಲಿ ನಿಂತು ನೋಡಿತು. ಜನಸಂಖ್ಯೆ ಕಡಿಮೆ ಇರುವ ಅರಬ್ ದೇಶಕ್ಕೆ ಖರ್ಚಿಗೆ ಮೀರಿದ ಹಣ ಬಂದರೆ ಅದನ್ನು ಇಡುವುದೆಲ್ಲಿ? ಬ್ಯಾಂಕಿನಲ್ಲಿಟ್ಟ ಹಣ ಸವೆಯುತ್ತದೆ, ನೆಲದಡಿಯ ಎಣ್ಣೆಯ ಬೆಲೆ ಏರುತ್ತದೆ. ಹಾಗಿದ್ದಮೇಲೆ ಅವರೇಕೆ ಪಂಪು ಜೋರು ಮಾಡುತ್ತಾರೆ?

ಮೊದಲ ಸಲ ಸಿದ್ಧಪಡಿಸಿದ ಸೀನಾರಿಯೊಗಳನ್ನು ಅಧಿಕಾರಿಗಳು ಓದಿ ಪಕ್ಕಕ್ಕಿಟ್ಟರು. ವ್ಯಾಕ್ ಅವರಿಗೆ ನಿಜವಾದ ಕೆಲಸ ಯಾವುದೆಂದು ಅರ್ಥವಾದದ್ದು ಆಗ. ಕಾಗದದ ಮೇಲಿನ ಅಂಕಿ ತಿದ್ದಿದರೆ ಸಾಲದು, ತೀರ್ಮಾನ ಮಾಡುವವರ ತಲೆಯೊಳಗಿನ ನಕ್ಷೆ ಬದಲಾಗಬೇಕು. ಎಣ್ಣೆಯ ದರ ಏರದೆ ಇರಬೇಕಾದರೆ ಏನೇನು ಪವಾಡ ನಡೆಯಬೇಕು ಎಂದು ಅವರೆದುರು ಬಿಡಿಸಿಟ್ಟರು. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಗಿ, ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ದರ ಮುಂದಿನ ಜನವರಿಯ ಹೊತ್ತಿಗೆ 12 ಡಾಲರಿನ ಹತ್ತಿರ ಬಂತು. ಉಳಿದ ಕಂಪನಿಗಳು ದಿಕ್ಕೆಟ್ಟಾಗ ಷೆಲ್‌ನವರು ಬೇಗ ಸಾವರಿಸಿಕೊಂಡರು. ಯುದ್ಧದ ದಿನಾಂಕ ಅವರಿಗೂ ಗೊತ್ತಿರಲಿಲ್ಲ. ಆದರೆ ಅಂಥ ದಿನವೊಂದನ್ನು ಅವರು ಮನಸ್ಸಿನಲ್ಲಿ ಒಮ್ಮೆ ಬದುಕಿದ್ದರು.

ಕೊಡಾಕ್ ಕಥೆ ಇದಕ್ಕೆ ತದ್ವಿರುದ್ಧ. 1975ರಲ್ಲಿ ಅಲ್ಲಿನ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಮೂರೂವರೆ ಕಿಲೊ ಮೀರಿದ ಪೆಟ್ಟಿಗೆ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಬರಲಿರುವುದು ಏನೆಂದು ಕಂಪನಿಯೊಳಗೇ ಕಣ್ಣಿಗೆ ಬಿದ್ದಿತ್ತು; ಎಂಬತ್ತರ ದಶಕದ ಆರಂಭದಲ್ಲಿ ನಡೆಸಿದ ಆಂತರಿಕ ಅಧ್ಯಯನವೂ ಸಿದ್ಧವಾಗಲು ಹತ್ತು ವರ್ಷ ಸಮಯವಿದೆ ಎಂದಿತ್ತು. ಆದರೆ ಲಾಭ ಬರುತ್ತಿದ್ದುದು ಫಿಲ್ಮಿನಿಂದ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಮೇಲೆ ಡಿಜಿಟಲ್‌ಗೆ ಹಣ ಸುರಿದರೂ, 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನೋಟದ ಕೊರತೆಯಿಂದ ಆದದ್ದಲ್ಲ ಇದು, ನೋಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆದದ್ದು.

ತೊಂಬತ್ತರ ದಶಕದಲ್ಲಿ ಈ ವಿದ್ಯೆ ಕಂಪನಿಗಳ ಹೊಸಿಲು ದಾಟಿತು. ವರ್ಣಭೇದ ಕೊನೆಗೊಳ್ಳುತ್ತಿದ್ದ ದಕ್ಷಿಣ ಆಫ್ರಿಕಾದಲ್ಲಿ, 1991-92ರಲ್ಲಿ, ಷೆಲ್‌ನ ಆ್ಯಡಂ ಕಹಾನೆ ನೆರವಿನಿಂದ 22 ಮಂದಿ ಮಾಂಟ್ ಫ್ಲೂರ್ ಎಂಬಲ್ಲಿ ಸೇರಿದರು. ಬಿಳಿಯ ವ್ಯಾಪಾರಿಗಳೂ ಹೋರಾಟಗಾರರೂ ಒಂದೇ ಮೇಜಿನ ಸುತ್ತ ಕೂತು ನಾಲ್ಕು ಭವಿಷ್ಯದ ಕಥೆ ಕಟ್ಟಿದರು. ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ, ಕುಂಟು ಬಾತು, ಸೂರ್ಯನ ಹತ್ತಿರ ಹಾರಿ ರೆಕ್ಕೆ ಕರಗಿಸಿಕೊಂಡ ಇಕಾರಸ್, ನಿಧಾನವಾಗಿ ಒಟ್ಟಿಗೇ ಮೇಲೇರುವ ರಾಜಹಂಸಗಳು. ಜನಪ್ರಿಯತೆಗಾಗಿ ಖಜಾನೆ ಬರಿದು ಮಾಡುವ ಸರ್ಕಾರದ ಕಥೆಯೇ ಇಕಾರಸ್. ಆ ಮೇಜಿನಲ್ಲಿದ್ದ ಟ್ರೆವರ್ ಮ್ಯಾನುಯೆಲ್ ಮುಂದೆ ಹಣಕಾಸು ಸಚಿವರಾಗಿ ಖರ್ಚಿಗೆ ಬಿಗಿ ಹಿಡಿದರು.

ಈ ವಿದ್ಯೆಗೆ ಟೀಕೆಯೂ ಬೇಕಿತ್ತು, ಬಂತು. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 284 ಪರಿಣತರ ಸಾವಿರಾರು ಊಹೆಗಳನ್ನು ಎರಡು ದಶಕ ಬೆನ್ನುಹತ್ತಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಹೆಸರು ಮಾಡಿದವರ ಊಹೆಗಳೇ ಹೆಚ್ಚು ತಪ್ಪಿದ್ದವು. ತಮ್ಮ ಅಭಿಪ್ರಾಯವನ್ನು ಆಗಾಗ ತಿದ್ದಿಕೊಳ್ಳುವವರು ಮೇಲು ಎಂಬುದು ಅವರ ಮುಂದಿನ ಸಂಶೋಧನೆಯಿಂದ ಗಟ್ಟಿಯಾಯಿತು.

ಸೀನಾರಿಯೊಗಳ ತವರಾದ ಷೆಲ್ 1991ರಲ್ಲಿ ಹವಾಮಾನ ಬದಲಾವಣೆಯ ಅಪಾಯ ತಿಳಿಸುವ 28 ನಿಮಿಷದ ಚಿತ್ರವನ್ನೇ ಮಾಡಿತ್ತು. ಕಂಪನಿಯ ಮುಖ್ಯ ಕಸುಬು ಮಾತ್ರ ಎಣ್ಣೆ, ಅನಿಲವಾಗಿಯೇ ಮುಂದುವರಿಯಿತು. ಎಚ್ಚರಿಕೆ ಹೇಳುವ ತಂಡಕ್ಕೂ ಹಣ ಹೂಡುವ ಮೇಜಿಗೂ ನಡುವಿನ ಅಂತರವೇ ಈ ಕ್ಷೇತ್ರದ ಬಗೆಹರಿಯದ ಸಮಸ್ಯೆ.

ಕೆಲವು ಸರ್ಕಾರಗಳು ಆ ಅಂತರವನ್ನು ಕಚೇರಿ ಕಟ್ಟಿ, ಕಾನೂನು ಮಾಡಿ ತುಂಬಲು ಹೊರಟಿವೆ. ಫಿನ್‌ಲ್ಯಾಂಡ್ ಸಂಸತ್ತಿನಲ್ಲಿ 1993ರಿಂದ ಭವಿಷ್ಯಕ್ಕೆಂದೇ ಒಂದು ಸಮಿತಿ ಇದೆ. ಸಿಂಗಪುರ 2009ರಲ್ಲಿ ಅದಕ್ಕೊಂದು ಕೇಂದ್ರ ತೆರೆಯಿತು. ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಗಳ ಕ್ಷೇಮಕ್ಕಾಗಿ ಕಾಯಿದೆ ಮಾಡಿ, ಇನ್ನೂ ಹುಟ್ಟದವರ ಪರವಾಗಿ ಮಾತಾಡಲು ಒಬ್ಬ ಆಯುಕ್ತರನ್ನು ನೇಮಿಸಿತು. ನ್ಯೂಪೋರ್ಟ್ ಬಳಿ ಎಂ4 ಹೆದ್ದಾರಿಗೆ ನೂರು ಕೋಟಿ ಪೌಂಡ್ ಮೀರಿದ ಖರ್ಚಿನ ಹೊಸ ಮಾರ್ಗ ಹಾಕಲು ಸರ್ಕಾರ ವರ್ಷಗಟ್ಟಲೆ ತಯಾರಿ ನಡೆಸಿತ್ತು. ಆಯುಕ್ತರು ಬಹಿರಂಗವಾಗಿ ವಿರೋಧಿಸಿದರು. 2019ರ ಜೂನ್‌ನಲ್ಲಿ ವೇಲ್ಸಿನ ಮೊದಲ ಮಂತ್ರಿ ಖರ್ಚು ಮತ್ತು ಪರಿಸರದ ಕಾರಣ ಕೊಟ್ಟು ಆ ರಸ್ತೆಯನ್ನು ಕೈಬಿಟ್ಟರು.