ಕಾಳಿಗೆ ಕಲ್ಲು ನಿಲ್ಲಿಸಿದರು, ಮುದಿ ನಾಯಿಗೆ ಏನು ಮಾಡಿದರು?

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಈ ನಾಯಿಯನ್ನೇ. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಕಲ್ಲಿಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಕಾದಾಡಿ ಸತ್ತಿತು. ಆದರೆ ನಮ್ಮ ಮನೆ, ಹೊಲ, ಕುರಿ ಹಟ್ಟಿ ಕಾಯುವ ಹೆಚ್ಚಿನ ನಾಯಿಗಳು ಹಾಗೆ ಸಾಯುವುದಿಲ್ಲ. ಹತ್ತು ಹನ್ನೆರಡು ವರ್ಷ ದುಡಿದು, ಹಿಂಗಾಲು ಬಿಗಿದು, ಜಗಲಿ ಹತ್ತಲಾರದೆ ಕೂರುತ್ತವೆ. ಅವನ್ನು ನೋಡಿಕೊಳ್ಳುವ ತಿಳಿವಳಿಕೆಗೂ ಹಳೆಯ ಇತಿಹಾಸವಿದೆ.

ಅಲೆಕ್ಸಾಂಡರನ ಚರಿತ್ರೆ ಬರೆದ ಗ್ರೀಕ್ ಲೇಖಕ ಅರಿಯನ್, ಕ್ರಿ.ಶ. 2ನೇ ಶತಮಾನದಲ್ಲಿ ಬೇಟೆನಾಯಿಗಳ ಬಗ್ಗೆಯೂ ಒಂದು ಪುಸ್ತಕ ಬರೆದ. ಅದರಲ್ಲಿ ತನ್ನ ಹಾರ್ಮೆ ಎಂಬ ನಾಯಿಯನ್ನು ಪ್ರೀತಿಯಿಂದ ನೆನೆಯುತ್ತಾನೆ. ನಾಯಿಗೆ ಮೆತ್ತಗಿನ, ಬೆಚ್ಚಗಿನ ಹಾಸಿಗೆ ಬೇಕು ಎನ್ನುತ್ತಾನೆ. ಕುದುರೆಗೆ ಮಾಲೀಸು ಮಾಡುವಂತೆ ನಾಯಿಯ ಮೈಯನ್ನೂ ತಿಕ್ಕಬೇಕು, ಅದರಿಂದ ಕೈಕಾಲು ಗಟ್ಟಿಯಾಗುತ್ತವೆ ಎನ್ನುತ್ತಾನೆ. ಬಲಗೈಯಿಂದ ಬೆನ್ನು, ಸೊಂಟ ತಿಕ್ಕುವಾಗ ಎಡಗೈಯನ್ನು ಹೊಟ್ಟೆಯ ಕೆಳಗೆ ಆಸರೆಯಾಗಿ ಇಡಿ, ಇಲ್ಲವಾದರೆ ಭಾರಕ್ಕೆ ನಾಯಿ ಕುಸಿಯುತ್ತದೆ ಎಂಬಷ್ಟು ವಿವರ ಕೊಟ್ಟಿದ್ದಾನೆ. ಅವನು ಬರೆದದ್ದು ಬೇಟೆನಾಯಿಗೆ, ಆದರೂ ಮುದಿ ನಾಯಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ.

ನಮ್ಮ ದೇಶದಲ್ಲಿ 1832ರಲ್ಲಿ ಮುಂಬೈ ನಾಯಿಗಳಿಗಾಗಿ ಬೀದಿಗಿಳಿಯಿತು. ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸುತ್ತಿತ್ತು. ನಾಯಿಗೆ ಧರ್ಮದಲ್ಲೇ ಗೌರವದ ಸ್ಥಾನ ಕೊಟ್ಟ ಪಾರ್ಸಿಗಳು ಸಿಡಿದೆದ್ದರು, ಗಲಭೆಯಾಯಿತು. ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಶೆಡ್‌ಜಿ ಜೀಜಿಭಾಯ್ ಮತ್ತಿತರರು ಅಲ್ಲಿ ಪಾಂಜರಪೋಳ ಕಟ್ಟಿದರು. ದಿಕ್ಕಿಲ್ಲದ, ಮುದಿಯಾದ, ಕಾಯಿಲೆಬಿದ್ದ ಪ್ರಾಣಿಗಳಿಗೆ ಅದು ಆಸರೆಯಾಯಿತು. ಕೆಲಸಕ್ಕೆ ಬಾರದ ಪ್ರಾಣಿಗೂ ಅನ್ನ ಹಾಕಬೇಕು ಎಂಬ ಮಾತಿಗೆ ಕಟ್ಟಡದ ರೂಪ ಸಿಕ್ಕಿತು.

ಔಷಧ ಬಂದದ್ದು ಬಹಳ ತಡವಾಗಿ. ನಾಯಿಗಳ ಕೀಲುನೋವಿಗೆಂದೇ ಕಾರ್‌ಪ್ರೊಫೆನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಇಂದು ಪಶುವೈದ್ಯರು ನಾಯಿಯ ತೂಕ ನೋಡಿ ಇಂಥ ಔಷಧ ಕೊಡುತ್ತಾರೆ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮಾತ್ರ ಹಾಕಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಯಕೃತ್ತಿಗೆ ಪೆಟ್ಟು ಕೊಡಬಹುದು.

ಉಳಿದದ್ದಕ್ಕೆ ಹೆಚ್ಚು ಖರ್ಚಿಲ್ಲ. ತಣ್ಣನೆಯ ಸಿಮೆಂಟಿನ ಮೇಲೆ ಎರಡು ಗೋಣಿಚೀಲ ಮಡಚಿ ಹಾಸಿ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಓಡಾಡುವ ಕಡೆ ಹಳೆ ಚಾಪೆ ಹಾಕಿ. ಅನ್ನದ ತಟ್ಟೆಯನ್ನು ಇಟ್ಟಿಗೆಯ ಮೇಲಿಟ್ಟರೆ ಕುತ್ತಿಗೆ ಹೆಚ್ಚು ಬಗ್ಗಿಸಬೇಕಿಲ್ಲ. ಮೈ ದಪ್ಪವಾಗಲು ಬಿಡಬೇಡಿ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಒಂದೇ ಸಲ ದೂರ ನಡೆಸುವುದಕ್ಕಿಂತ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ನಡೆಸಿ.

ಎದ್ದೇಳಲು ತಡವಾದರೆ, ಮುಟ್ಟಿದರೆ ಗುರ್ ಎಂದರೆ, "ವಯಸ್ಸಾಯ್ತು ಬಿಡಿ" ಎಂದು ಸುಮ್ಮನಾಗುತ್ತೇವೆ. ವಯಸ್ಸಿಗೆ ಮದ್ದಿಲ್ಲ ನಿಜ. ಆದರೆ ಅದು ಗುರ್ ಎನ್ನುವುದು ನೋವಿಗೆ, ನೋವಿಗೆ ಮದ್ದಿದೆ. ಹತ್ತಿರದ ಪಶು ಆಸ್ಪತ್ರೆಗೆ ಒಮ್ಮೆ ತೋರಿಸಿ.