ಮುಸುಕಿನ ಹಿಂದಿನ ಮುಖ, ಕ್ಯಾಮರಾದ ಹಿಂದಿನ ಕಣ್ಣು

1960ರಲ್ಲಿ ಅಲ್ಜೀರಿಯಾ ಇನ್ನೂ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕುವ ಕ್ರಮವಾಗಿ ಹಳ್ಳಿಗರಿಗೆ ಗುರುತುಚೀಟಿ ಕಡ್ಡಾಯವಾಯಿತು. ಸೇನೆಯಲ್ಲಿದ್ದ ಮಾರ್ಕ್ ಗರಾಂಜೆ ಎಂಬ ಯುವ ಛಾಯಾಗ್ರಾಹಕ ಸುಮಾರು 2,000 ಮಂದಿಯ ಭಾವಚಿತ್ರ ತೆಗೆದರು. ಹೆಚ್ಚಿನವರು ಮಹಿಳೆಯರು. ಮುಸುಕು ತೆಗೆಯಲೇಬೇಕೆಂಬುದು ಸೇನೆಯ ಆಜ್ಞೆ. ಆ ಮಹಿಳೆಯರ ಕಣ್ಣಲ್ಲಿನ ಸಿಟ್ಟು ಇಂದಿಗೂ ಆ ಚಿತ್ರಗಳಲ್ಲಿ ಉಳಿದಿದೆ.

ನೆರೆಯ ಮೊರಾಕ್ಕೊದಲ್ಲಿ ಕ್ಯಾಮರಾಗಳು ಬಲಾತ್ಕಾರ ಮಾಡದಿದ್ದಾಗಲೂ ಬಹುಕಾಲ ಹೊರಗಿನವರ ಕೈಯಲ್ಲಿದ್ದವು. 1971ರಲ್ಲಿ ಅಮೆರಿಕದ ಇರ್ವಿಂಗ್ ಪೆನ್ ಅಲ್ಲಿ ತೆಗೆದ ಮುಸುಕುಧಾರಿ ಮಹಿಳೆಯರ ಚಿತ್ರಗಳು ಜಗತ್ಪ್ರಸಿದ್ಧ. ಆದರೆ ಅವುಗಳಲ್ಲಿ ಕಾಣುವುದು ಬಟ್ಟೆಯ ನೆರಿಗೆಗಳ ಸೊಬಗು. ಒಳಗಿರುವಾಕೆಯ ಹೆಸರಿಲ್ಲ, ಕಸುಬಿಲ್ಲ.

ಈ ಚರಿತ್ರೆಗೆ ಉತ್ತರವೆಂಬಂತೆ ಬಂದವರು ಹಸನ್ ಹಜ್ಜಾಜ್. 1961ರಲ್ಲಿ ಮೊರಾಕ್ಕೊದ ಬಂದರು ಪಟ್ಟಣ ಲರಾಶ್‌ನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಕುಟುಂಬದೊಂದಿಗೆ ಲಂಡನ್ನಿಗೆ ವಲಸೆ ಹೋದರು. 1984ರಲ್ಲಿ ಅಲ್ಲಿನ ಕೊವೆಂಟ್ ಗಾರ್ಡನ್‌ನಲ್ಲಿ ಬಟ್ಟೆ ಅಂಗಡಿ ತೆರೆದರು. ಮುಂದೆ ಫ್ಯಾಷನ್ ಚಿತ್ರೀಕರಣಗಳಲ್ಲಿ ಸ್ಟೈಲಿಸ್ಟ್ ಆಗಿ, ಅಂದರೆ ಯಾರಿಗೆ ಯಾವ ಉಡುಪು, ಯಾವ ಅಲಂಕಾರ ಎಂದು ನಿರ್ಧರಿಸುವವರಾಗಿ ದುಡಿದರು.

1990ರ ದಶಕದಲ್ಲಿ ಮರಾಕೆಶ್‌ನಲ್ಲಿ ನಡೆದ ಒಂದು ಚಿತ್ರೀಕರಣ ಅವರ ದಾರಿಯನ್ನು ಬದಲಿಸಿತು. ರೂಪದರ್ಶಿಗಳು, ಛಾಯಾಗ್ರಾಹಕರು, ಉಡುಪುಗಳು, ಎಲ್ಲವೂ ಪಶ್ಚಿಮದಿಂದ ಬಂದಿದ್ದವು. ತನ್ನ ನಾಡು ಅಲ್ಲಿ ಬರೀ ಹಿನ್ನೆಲೆಯ ಪರದೆ! ಈ ಅರಿವಿನಿಂದ ಅವರು ತಾವೇ ಕ್ಯಾಮರಾ ಹಿಡಿದು ತಮ್ಮವರನ್ನು ಮುನ್ನೆಲೆಗೆ ತಂದರು.

‘ಕೆಶ್ ಏಂಜಲ್ಸ್’ ಚಿತ್ರಮಾಲೆಯಲ್ಲಿ ಮರಾಕೆಶ್‌ನ ಮಹಿಳೆಯರು ಮೋಟಾರು ಬೈಕಿನ ಮೇಲೆ ಕುಳಿತಿದ್ದಾರೆ. ಚುಕ್ಕೆಚುಕ್ಕೆಯ ಜಲಾಬಾ, ಮುಖಕ್ಕೆ ಮುಸುಕು, ಕಣ್ಣಿಗೆ ತಂಪು ಕನ್ನಡಕ. ಉಡುಪಿನ ಮೇಲೆ ಪ್ರಸಿದ್ಧ ಕಂಪನಿಗಳ ಗುರುತುಗಳು. ಚೌಕಟ್ಟಿನ ಸುತ್ತ ಪೇಟೆಯಲ್ಲಿ ಸಿಗುವ ತಿಂಡಿ, ಪಾನೀಯಗಳ ಡಬ್ಬಿಗಳು. ಇವರಲ್ಲಿ ಒಬ್ಬರು ಕರೀಮಾ. ಜೆಮಾ ಎಲ್-ಫ್ನಾ ಚೌಕದಲ್ಲಿ ಮೆಹಂದಿ ಹಚ್ಚಿ ಸಂಸಾರ ಸಾಗಿಸುವಾಕೆ. ಆಕೆಯ ದಿನಚರಿಯ ಕುರಿತು ಹಜ್ಜಾಜ್ 2015ರಲ್ಲಿ ಸಾಕ್ಷ್ಯಚಿತ್ರವನ್ನೂ ಮಾಡಿದರು. ಬೈಕು ಅಲ್ಲಿ ಶೋಕಿಯಲ್ಲ, ಕೆಲಸಕ್ಕೆ ಹೋಗುವ ವಾಹನ.

ಪರ್ದಾವನ್ನು ಹೀಗೆ ಜಾಹೀರಾತಿನಂತೆ ತೋರಿಸುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಉಡುಪು, ಬಣ್ಣ, ಭಂಗಿಗಳನ್ನು ನಿರ್ಧರಿಸುವಲ್ಲಿ ಹಳೆಯ ಸ್ಟೈಲಿಸ್ಟನ ಕೈ ಇಲ್ಲೂ ಇದೆ. ಆದರೆ ಗರಾಂಜೆಯ ಎದುರಿದ್ದ ಮಹಿಳೆಗೆ ಇಲ್ಲದಿದ್ದ ಒಂದು ಸ್ವಾತಂತ್ರ್ಯ ಕರೀಮಾಗೆ ಇದೆ: ಒಲ್ಲೆ ಎನ್ನುವ ಸ್ವಾತಂತ್ರ್ಯ.

ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ಫ್ರಾನ್ಸ್ 2010ರ ಕಾನೂನಿನ ಮೂಲಕ ನಿಷೇಧಿಸಿತು. 2019ರಲ್ಲಿ ಅದೇ ಫ್ರಾನ್ಸಿನ ರಾಜಧಾನಿ ಪ್ಯಾರಿಸ್‌ನ ಛಾಯಾಚಿತ್ರ ಸಂಗ್ರಹಾಲಯವೊಂದು ಹಜ್ಜಾಜ್ ಅವರ ದೊಡ್ಡ ಪ್ರದರ್ಶನ ಏರ್ಪಡಿಸಿತು. ಗೋಡೆಯ ಮೇಲೆ ಕಲೆಯಾಗಿ ಮೆಚ್ಚುಗೆ ಪಡೆಯುವ ಉಡುಪು ಬೀದಿಗಿಳಿದೊಡನೆ ಅಪರಾಧವಾಗುತ್ತದೆ. 1960ರಲ್ಲಿ ಮುಸುಕು ತೆಗೆಸಿದ ಕೈ ಸೇನೆಯದ್ದಾಗಿತ್ತು, ಈಗ ಕಾನೂನಿನದ್ದು. ಎರಡೂ ಸಲ ಆ ಮಹಿಳೆಯನ್ನು ಕೇಳಿದವರು ಯಾರು?