ಬಿಸಿಲಿನೊಡನೆ ಸಂಧಿ

ಮಧ್ಯಾಹ್ನದ ಬಯಲಿನಲ್ಲಿ ಸೂರ್ಯನು ನೆಲಕ್ಕೆ ಸುರಿಸುವ ಬೆಳಕು ಸುಮಾರು 1,00,000 ಲಕ್ಸ್‌ನಷ್ಟಾದರೆ, ಕಚೇರಿಯ ಮೇಜಿನ ಮೇಲೆ ಬೀಳುವುದು 500ರ ಆಸುಪಾಸಿನದು. ಸ್ವಂತ ದೀಪವನ್ನು ನೆಚ್ಚಿ ಹೊರಗೆ ಬಂದ ಎಲೆಕ್ಟ್ರಾನಿಕ್ ಪರದೆಗಳ ತೇಜೋಭಂಗಕ್ಕೆ ಈ ಅಗಾಧ ಅಂತರವೇ ಮೂಲಕಾರಣ. ಗಾಜಿನ ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಪ್ರತಿಫಲಿಸಿದರೂ ಸಾಕು, ಆ ಪ್ರಭೆಯೇ ಅಕ್ಷರಗಳನ್ನು ನುಂಗಿಬಿಡುತ್ತದೆ.

1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿಯು ಪಲ್ಸಾರ್ ಎಂಬ ಚಿನ್ನದ ಕೈಗಡಿಯಾರವನ್ನು 2,100 ಡಾಲರಿಗೆ ಮಾರಾಟಕ್ಕಿಟ್ಟಾಗ ಈ ಸತ್ಯವು ಧನಿಕರ ಮಣಿಕಟ್ಟಿನಲ್ಲಿಯೇ ಪ್ರಕಟವಾಯಿತು. ಸದಾ ಉರಿದರೆ ಬ್ಯಾಟರಿಯು ತಾಳದಾದುದರಿಂದ, ಗುಂಡಿಯನ್ನೊತ್ತಿದಾಗ ಮಾತ್ರ ಎಲ್‌ಇಡಿಯ ಅಂಕಿಗಳು ಕ್ಷಣಕಾಲ ಮೂಡಿ ಮರೆಯಾಗುತ್ತಿದ್ದವು. ಇರುಳಿನಲ್ಲಿ ಮಾಣಿಕ್ಯದಂತೆ ಹೊಳೆಯುತ್ತಿದ್ದ ಆ ಕೆಂಪು ಅಂಕಿಗಳು ಹಗಲಿನಲ್ಲಿ ಕಾಣಬೇಕಾದರೆ ಗುಂಡಿಯನ್ನೊತ್ತುವ ಕೈಯೇ ನೆರಳನ್ನೂ ಮಾಡಬೇಕಾಗಿತ್ತು.

ಪರಿಹಾರವು ಅದಕ್ಕೆ ಮುಂಚೆಯೇ ಸ್ವಿಟ್ಜರ್ಲೆಂಡಿನಲ್ಲಿ ಸಿದ್ಧವಾಗಿತ್ತು. ಬಾಸೆಲ್ ನಗರದ ಹಾಫ್‌ಮನ್-ಲಾ ರೋಷ್ ಸಂಸ್ಥೆಯ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಖ್ ಅವರು 1970ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ರಚನೆಯಲ್ಲಿ, ಎರಡು ಗಾಜಿನ ಫಲಕಗಳ ನಡುವೆ, ಕೂದಲೆಳೆಗಿಂತಲೂ ಕಿರಿದಾದ ಎಡೆಯಲ್ಲಿ, ದ್ರವಸ್ಫಟಿಕದ ಅಣುಗಳು ಕಾಲು ಸುತ್ತು ತಿರುಚಿಕೊಂಡು ನಿಂತಿರುತ್ತವೆ. ಹೊರಗಿನಿಂದ ಬಂದ ಬೆಳಕು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಮೊದಲನೆಯ ಧ್ರುವೀಕಾರಕ ಹಾಳೆಯನ್ನು ದಾಟಿ, ಆ ಅಣುಗಳೊಡನೆ ತಾನೂ ತಿರುಗಿ, ಎರಡನೆಯ ಹಾಳೆಯನ್ನು ಹಾಯ್ದು, ಹಿಂದಿನ ಪ್ರತಿಫಲಕಕ್ಕೆ ತಾಗಿ ಬಂದ ದಾರಿಯಲ್ಲೇ ಮರಳುತ್ತದೆ. ವಿದ್ಯುತ್ತು ಸೋಂಕಿದೆಡೆಯಲ್ಲಾದರೋ ಅಣುಗಳು ತಿರುಚನ್ನು ಬಿಟ್ಟು ನೆಟ್ಟಗಾಗಿ, ಬೆಳಕು ಎರಡನೆಯ ಹಾಳೆಯಲ್ಲಿಯೇ ತಡೆಯಲ್ಪಟ್ಟು, ಅಲ್ಲಿ ಕಪ್ಪು ಅಂಕಿಯೊಂದು ಮೂಡುತ್ತದೆ. ಇಲ್ಲಿ ದೀಪವೇ ಇಲ್ಲ. ಬಿಸಿಲು ಹೆಚ್ಚಿದಷ್ಟೂ ಬರಹ ಸ್ಫುಟವಾಗುತ್ತದೆ. 1973ರಲ್ಲಿ ಜಪಾನಿನ ಸೈಕೊ ಗಡಿಯಾರದಲ್ಲಿ ಈ ತತ್ತ್ವವು ಜನರ ಕೈ ಸೇರಿತು. ಸೂರ್ಯನೊಡನೆ ಸ್ಪರ್ಧಿಸುವುದನ್ನು ಬಿಟ್ಟು ಅವನಿಂದಲೇ ಬೆಳಕನ್ನು ಕಡ ಪಡೆಯುವ ಈ ಉಪಾಯವನ್ನು ನಾನು ಆ ಶತಮಾನದ ಅತ್ಯಂತ ವಿವೇಕಯುತವಾದ ಆವಿಷ್ಕಾರಗಳಲ್ಲಿ ಒಂದೆಂದು ಎಣಿಸುತ್ತೇನೆ.

ಆದರೆ ಜನರಿಗೆ ಬಣ್ಣ ಬೇಕಾಯಿತು. ಧ್ರುವೀಕಾರಕವು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಹೀರಿದ ಮೇಲೆ, ಕೆಂಪು, ಹಸಿರು, ನೀಲಿಯ ಶೋಧಕಗಳು ಉಳಿದುದರಲ್ಲಿ ಬಹುಪಾಲನ್ನು ತಡೆಯುವುದರಿಂದ, ಪರದೆಯ ಬೆನ್ನಿಗೆ ದೀಪವನ್ನು ಹಚ್ಚದೆ ಗತ್ಯಂತರವಿರಲಿಲ್ಲ. ದೀಪ ಬಂದೊಡನೆ ಹಳೆಯ ಸೋಲೂ ಮರಳಿ ಬಂದಿತು. ದೀಪವನ್ನು ಪ್ರಖರಗೊಳಿಸಿದರೆ ಬ್ಯಾಟರಿಯು ಬೇಗ ಬರಿದಾಗುತ್ತಿತ್ತು, ಯಂತ್ರವು ಕಾಯುತ್ತಿತ್ತು.

ಎಂಐಟಿಯ ಸಂಶೋಧಕರು 1997ರಲ್ಲಿ ಸ್ಥಾಪಿಸಿದ ಇ-ಇಂಕ್ ಸಂಸ್ಥೆಯು ದೀಪವನ್ನೂ ಧ್ರುವೀಕಾರಕವನ್ನೂ ಏಕಕಾಲಕ್ಕೆ ತೊರೆದು, ಸೂಕ್ಷ್ಮ ಗುಳಿಗೆಗಳೊಳಗೆ ಕಪ್ಪು ಬಿಳಿಯ ಕಣಗಳನ್ನು ವಿದ್ಯುತ್ತಿನಿಂದ ಮೇಲೆ ಕೆಳಗೆ ಸರಿಸುವ ಮಾರ್ಗವನ್ನು ಹಿಡಿಯಿತು. 2004ರಲ್ಲಿ ಸೋನಿಯ ಲಿಬ್ರಿಯೆ ಎಂಬ ಇ-ಪುಸ್ತಕ ಸಾಧನವು ಅದರಿಂದಲೇ ರೂಪುಗೊಂಡಿತು. ನನಗೆ ಅದಕ್ಕಿಂತಲೂ ಪ್ರಿಯವಾದದ್ದು, ಬಡ ದೇಶಗಳ ಮಕ್ಕಳಿಗಾಗಿ 2007ರಲ್ಲಿ ತಯಾರಾದ ಎಕ್ಸ್‌ಒ ಲ್ಯಾಪ್‌ಟಾಪಿಗೆ ಮೇರಿ ಲೂ ಜೆಪ್ಸೆನ್ ರೂಪಿಸಿದ 7.5 ಅಂಗುಲದ ಪರದೆ. ಒಳಗಿರುವಾಗ ಅದು ದೀಪದ ಬಲದಿಂದ ಬಣ್ಣವನ್ನು ತೋರುತ್ತಿತ್ತು. ಬಯಲಿಗೆ ತಂದು ದೀಪವನ್ನಾರಿಸಿದರೆ ಬಣ್ಣ ಹೋಗಿ, 1200×900 ಚುಕ್ಕೆಗಳ ಕಪ್ಪು ಬಿಳಿಯ ಬರಹವು ಮೊದಲಿಗಿಂತ ನಯವಾಗಿ ಕಾಣುತ್ತಿತ್ತು, ಮತ್ತು ಹಾಗೆ ಉಳಿದ ವಿದ್ಯುತ್ತು ಕರೆಂಟಿಲ್ಲದ ಊರಿನ ಮಗುವಿಗೆ ಇನ್ನಷ್ಟು ಹೊತ್ತಿನ ಓದಾಗಿ ಒದಗುತ್ತಿತ್ತು.